ಕಡಲಂಚಿನಲ್ಲಿ ಟೆಂಟು: ಪಾಯಿಂಟ್ ರೇಯ್ಸ್, ರೆಡ್‌ವುಡ್, ಒಲಿಂಪಿಕ್, ನಿಮ್ಮ ಮನೆಯವರಿಗೆ ಯಾವುದು?

ಅಮೆರಿಕದ ಪಶ್ಚಿಮ ಕರಾವಳಿಯ ಕನ್ನಡದ ಮನೆಗಳಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಈ ಮಾತು ಏಳುತ್ತದೆ. ಬೇಸಿಗೆಯಲ್ಲಿ ಮಕ್ಕಳಿಗೆ ರಜೆ, ಊರಿನಿಂದ ಅಪ್ಪ ಅಮ್ಮ ಬರುವವರಿದ್ದಾರೆ, ಕಡಲೂ ಕಾಡೂ ಒಟ್ಟಿಗೆ ಸಿಗುವ ಕಡೆ ಹೋಗಿ ಒಂದೆರಡು ರಾತ್ರಿ ಟೆಂಟಿನಲ್ಲಿ ಮಲಗಿ ಬರೋಣ ಎಂದು. ಆಗ ಬರುವ ಹೆಸರುಗಳು ಸಾಮಾನ್ಯವಾಗಿ ಮೂರು: ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಪಾಯಿಂಟ್ ರೇಯ್ಸ್, ಕ್ಯಾಲಿಫೋರ್ನಿಯಾದ ಉತ್ತರ ತುದಿಯ ರೆಡ್‌ವುಡ್, ವಾಷಿಂಗ್ಟನ್ ರಾಜ್ಯದ ಒಲಿಂಪಿಕ್. ಚಿತ್ರಗಳನ್ನು ಮುಂದಿಟ್ಟುಕೊಂಡು ಆರಿಸಲು ಕೂತರೆ ಬಗೆಹರಿಯುವುದಿಲ್ಲ. ಮೂರರಲ್ಲೂ ಅದೇ ಮಂಜು, ಅದೇ ಕಪ್ಪು ಬಂಡೆ, ಅದೇ ಬಿಳಿ ನೊರೆ.

ಚಂದದ ಲೆಕ್ಕವನ್ನು ಬಿಟ್ಟು ನಾನು ಕೇಳುವುದು ಒಂದೇ ಪ್ರಶ್ನೆ: ಕಾರು ನಿಲ್ಲುವ ಜಾಗಕ್ಕೂ ಟೆಂಟು ಹಾಕುವ ಜಾಗಕ್ಕೂ ಎಷ್ಟು ದೂರ? ಎಷ್ಟು ಸಾಮಾನು ಒಯ್ಯಬಹುದು, ಏನು ಬೇಯಿಸಬಹುದು, ಐದು ವರ್ಷದ ಮಗಳು ದಾರಿಯಲ್ಲಿ ಕುಳಿತುಬಿಟ್ಟರೆ ಏನು ಗತಿ, ನಡುರಾತ್ರಿ ಅತ್ತೆಗೆ ಹೊಟ್ಟೆ ಕೆಟ್ಟರೆ ಏನು ಮಾಡುವುದು, ಎಲ್ಲದಕ್ಕೂ ಉತ್ತರ ಆ ಅಂತರದಲ್ಲಿದೆ. ಮೂರು ಜಾಗಗಳ ನಡುವಿನ ನಿಜವಾದ ವ್ಯತ್ಯಾಸವೂ ಅದೇ.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ಟೆಂಟು ಹಾಕುವವರು, ಪುಟ್ಟ ಮಕ್ಕಳಿರುವವರು, ಹಿರಿಯರನ್ನು ಕರೆದೊಯ್ಯುವವರು ರೆಡ್‌ವುಡ್‌ಗೆ ಹೋಗಿ, ದೂರವಾದರೂ ಸರಿ. ತಮ್ಮ ಚೀಲವನ್ನು ತಾವೇ ಹೊರುವ ವಯಸ್ಸಿನ ಮಕ್ಕಳಿದ್ದು, ಇರುವುದು ಶನಿವಾರ ಭಾನುವಾರ ಮಾತ್ರ ಎಂದಾದರೆ ಪಾಯಿಂಟ್ ರೇಯ್ಸ್. ಒಂದು ವಾರದ ರಜೆಯೂ ಮಳೆಯನ್ನು ಸಹಿಸುವ ಮನಸ್ಸೂ ಉಬ್ಬರವಿಳಿತದ ಪಟ್ಟಿಯನ್ನು ಓದುವ ತಾಳ್ಮೆಯೂ ಇದ್ದರೆ ಒಲಿಂಪಿಕ್.

ಮೊದಲು ನೀರಿನ ವಿಷಯ

ಮೂರಕ್ಕೂ ಅನ್ವಯಿಸುವ ಮಾತೊಂದಿದೆ. ಇದು ಮಲ್ಪೆಯ ಕಡಲಲ್ಲ, ಗೋಕರ್ಣದ ಕಡಲೂ ಅಲ್ಲ. ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದ ನೀರಿಗೆ ಇಳಿದು ಹರಟೆ ಹೊಡೆಯುವ ರೂಢಿಯನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ನಡು ಬೇಸಿಗೆಯಲ್ಲೂ ನೀರು ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಹತ್ತು ನಿಮಿಷ ಸಣ್ಣ ಅಲೆಗಳೇ ಬಂದು ಇನ್ನೇನು ಕಡಲು ತಣ್ಣಗಾಯಿತು ಅನ್ನಿಸಿದಾಗ, ಇದ್ದಕ್ಕಿದ್ದಂತೆ ಒಂದು ದೊಡ್ಡ ಅಲೆ ದಡದ ಮೇಲೆ ಬಹಳ ದೂರ ಏರಿ ಬರುತ್ತದೆ. ಸ್ನೀಕರ್ ವೇವ್ ಎಂದು ಇಲ್ಲಿನವರು ಕರೆಯುವ ಈ ಅಲೆ ಜೀವಗಳನ್ನು ತೆಗೆದಿದೆ. ಚಿತ್ರ ತೆಗೆಸಿಕೊಳ್ಳುವಾಗಲೂ ಕಡಲಿಗೆ ಬೆನ್ನು ಹಾಕಬಾರದು ಎಂಬುದನ್ನು ಮಕ್ಕಳಿಗಿಂತ ಮೊದಲು ಅಜ್ಜ ಅಜ್ಜಿಯರಿಗೆ ಹೇಳಬೇಕಾಗುತ್ತದೆ. ಊರಿನ ಕಡಲನ್ನು ಕಂಡವರಿಗೆ ಈ ಕಡಲಿನ ಮೇಲೆ ಭಯ ಬರುವುದು ತಡ.

ಎರಡನೆಯದು ಬಿಸಿಲು. ಜುಲೈ ಎಂದರೆ ಬಿಸಿಲು ಎಂದು ಹತ್ತಿಯ ಅಂಗಿ ಹಾಕಿಕೊಂಡು ಹೋದವರು ನಡುಗುತ್ತಾರೆ. ತಳದಿಂದ ಮೇಲೇಳುವ ತಣ್ಣೀರಿನ ಮೇಲೆ ಹಾದು ಬರುವ ತೇವದ ಗಾಳಿ ಮಂಜಾಗುತ್ತದೆ. ಒಳನಾಡು ಕಾದಷ್ಟೂ ಆ ಮಂಜು ದಡದತ್ತ ಸೆಳೆಯಲ್ಪಡುತ್ತದೆ. ಹಾಗಾಗಿ ಒಳನಾಡಿನ ಸ್ಯಾಕ್ರಮೆಂಟೊ ಬೇಯುತ್ತಿರುವ ದಿನವೇ ಪಾಯಿಂಟ್ ರೇಯ್ಸ್‌ನಲ್ಲಿ ಸ್ವೆಟರ್ ಬೇಕು. ಕ್ಯಾಲಿಫೋರ್ನಿಯಾದ ಎರಡು ಜಾಗಗಳಿಗೂ ನನ್ನ ಆಯ್ಕೆ ಸೆಪ್ಟೆಂಬರ್. ಶಾಲೆ ಶುರುವಾಗಿರುತ್ತದೆ ಎನ್ನುವುದು ನಿಜ, ಆದರೆ ಆಕಾಶ ತೆರೆದುಕೊಳ್ಳುವುದು ಆಗಲೇ.

ಪಾಯಿಂಟ್ ರೇಯ್ಸ್: ಹತ್ತಿರ, ಆದರೆ ಕಾರಿನ ಪಕ್ಕ ಮಲಗಲಾಗದು

ಕಾನೂನಿನ ಭಾಷೆಯಲ್ಲಿ ಇದು ರಾಷ್ಟ್ರೀಯ ಉದ್ಯಾನವಲ್ಲ, ‘ನ್ಯಾಷನಲ್ ಸೀಶೋರ್’. 1962ರಲ್ಲಿ ಅಧ್ಯಕ್ಷ ಕೆನಡಿಯವರ ಸಹಿಯಿಂದ ಹುಟ್ಟಿದ್ದು. ನೋಡಿಕೊಳ್ಳುವವರು ಅದೇ ನ್ಯಾಷನಲ್ ಪಾರ್ಕ್ ಸರ್ವಿಸ್. ಪ್ರವೇಶ ಶುಲ್ಕವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಿಂದ ಒಂದೂವರೆ ಗಂಟೆಯ ದಾರಿ, ಸ್ಯಾನ್ ಹೋಸೆ ಕಡೆಯವರಿಗೆ ಸಂಚಾರ ನೋಡಿಕೊಂಡು ಇನ್ನೊಂದು ಗಂಟೆ ಹೆಚ್ಚು. ಶುಕ್ರವಾರ ಸಂಜೆ ನಿರ್ಧರಿಸಿ ಶನಿವಾರ ಹೊರಡಬಹುದಾದಷ್ಟು ಹತ್ತಿರ ಎಂದುಕೊಂಡರೆ, ಅಲ್ಲೇ ಇರುವುದು ತೊಡಕು. ಸೀಶೋರ್ ಒಳಗೆ ಕಾರು ನಿಲ್ಲಿಸಿ ಪಕ್ಕದಲ್ಲೇ ಟೆಂಟು ಹಾಕುವ ಶಿಬಿರ ಒಂದೂ ಇಲ್ಲ. ಎಲ್ಲಕ್ಕೂ ನಡೆದೇ ಹೋಗಬೇಕು, ಇಲ್ಲವೇ ಟೊಮಾಲೆಸ್ ಕೊಲ್ಲಿಯಲ್ಲಿ ದೋಣಿ ಹುಟ್ಟು ಹಾಕಿಕೊಂಡು ಹೋಗಬೇಕು. ಮುಂಗಡ ಕಾಯ್ದಿರಿಸದೆ ಸ್ಥಳ ಸಿಗುವುದೂ ಕಷ್ಟ.

ನಡೆದು ಹೋಗುವ ಶಿಬಿರಗಳು ನಾಲ್ಕು: ಸ್ಕೈ, ಕೋಸ್ಟ್, ಗ್ಲೆನ್, ವೈಲ್ಡ್‌ಕ್ಯಾಟ್. ಕುಟುಂಬಕ್ಕೆ ಮೊದಲ ಎರಡೇ ಸಾಕು. ಸ್ಕೈ ಕ್ಯಾಂಪ್‌ಗೆ ಲಿಮಂಟೂರ್ ರಸ್ತೆಯ ಪಕ್ಕದಿಂದ 1.4 ಮೈಲು, ಅಂದರೆ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು. ಸಾವಿರ ಅಡಿ ಎತ್ತರದಲ್ಲಿದೆ. ಮಂಜಿಲ್ಲದ ದಿನ ಕೆಳಗಿನ ಕೊಲ್ಲಿ ಪೂರ್ತಿ ಕಾಣುತ್ತದೆ, ಆದರೆ ಕಡಲು ಮುಟ್ಟಲು ಸಿಗದು. ‘ಕಡಲ ಪಕ್ಕ ಮಲಗುತ್ತೇವೆ’ ಎಂದು ಮಕ್ಕಳಿಗೆ ಮಾತು ಕೊಟ್ಟಿದ್ದರೆ ಕೋಸ್ಟ್ ಕ್ಯಾಂಪ್ ಬೇಕು. ಅದಕ್ಕೆ ದಾರಿ ಎರಡು. ಲಗೂನಾ ಮತ್ತು ಫೈರ್ ಲೇನ್ ಹಾದಿ ಹಿಡಿದರೆ 1.8 ಮೈಲು, ನಡುವೆ ಒಂದು ಏರು. ಕೋಸ್ಟ್ ಟ್ರೇಲ್ ಹಿಡಿದರೆ 2.7 ಮೈಲು, ಆದರೆ ಹೆಚ್ಚೂಕಡಿಮೆ ಸಮತಟ್ಟು. ನಕ್ಷೆಯಲ್ಲಿ ಚಿಕ್ಕದನ್ನು ಕಂಡು ಅದನ್ನೇ ಆರಿಸುವುದು ನಮ್ಮ ಸ್ವಭಾವ. ಹೆಗಲ ಮೇಲೆ ಮಲಗುವ ಚೀಲ, ಒಲೆ, ಟೆಂಟು ಇದ್ದು, ಕೈಯಲ್ಲಿ ಆರು ವರ್ಷದವನ ಕೈ ಇದ್ದರೆ ಉದ್ದದ ಹಾದಿಯೇ ಬೇಗ ಮುಗಿಯುತ್ತದೆ.

ಶಿಬಿರದಲ್ಲಿ ಇರುವುದಿಷ್ಟು: ಊಟದ ಮೇಜು, ಕಬ್ಬಿಣದ ಆಹಾರ ಪೆಟ್ಟಿಗೆ, ಗುಂಡಿ ಶೌಚಾಲಯ, ನಲ್ಲಿ. ಸ್ನಾನದ ಮಾತೇ ಇಲ್ಲ. ಸೌದೆ ಉರಿಸುವಂತಿಲ್ಲ, ಇದ್ದಿಲು ಉರಿಸಬಹುದು. ಬೆಂಕಿ ಹಾಕಿ ಸುತ್ತ ಕೂರಲೇಬೇಕೆಂದರೆ ಪರವಾನಗಿ ಪಡೆದು ಮರಳ ದಂಡೆಯಲ್ಲಿ ಹಾಕಬೇಕು, ಬೆಂಕಿ ನಿರ್ಬಂಧ ಇಲ್ಲದ ದಿನಗಳಲ್ಲಿ ಮಾತ್ರ. ಕಬ್ಬಿಣದ ಪೆಟ್ಟಿಗೆ ಇಟ್ಟಿರುವುದು ಸುಮ್ಮನೆ ಅಲ್ಲ. ಇಲ್ಲಿನ ರಕೂನ್‌ಗಳ ಮುಂಗಾಲಿಗೆ ಬೆರಳುಗಳಿವೆ. ಚೀಲದ ಜಿಪ್ಪಿನ ತುದಿ ಹಿಡಿದು ಎಳೆಯುವುದು ಅವಕ್ಕೆ ಗೊತ್ತು. ಟೆಂಟಿನ ಮೂಲೆಯಲ್ಲಿ ಮರೆತುಬಿಟ್ಟ ಒಂದು ಕೋಡುಬಳೆ ಪೊಟ್ಟಣ ಸಾಕು.

ಗಿಡಗಳ ಬಗ್ಗೆಯೂ ಒಂದು ಎಚ್ಚರಿಕೆ. ಹಾದಿಯ ಇಕ್ಕೆಲದಲ್ಲೂ ಪಾಯ್ಸನ್ ಓಕ್ ಬೆಳೆದಿರುತ್ತದೆ. ಒಂದೇ ತೊಟ್ಟಿಗೆ ಮೂರೆಲೆ, ದೂರದಿಂದ ಬಿಲ್ವಪತ್ರೆಯ ಹಾಗೆ. ಊರಿನಿಂದ ಬಂದ ಅಜ್ಜಿ ಭಕ್ತಿಯಿಂದ ಕೈ ಚಾಚುವ ಮೊದಲೇ ತಿಳಿಸಿಬಿಡಿ, ಮುಟ್ಟಿದರೆ ವಾರಗಟ್ಟಲೆ ತುರಿಕೆ, ಗುಳ್ಳೆ. ಹುಲ್ಲಿನಲ್ಲಿ ಉಣ್ಣಿಗಳಿವೆ, ಲೈಮ್ ಕಾಯಿಲೆ ಹರಡುವ ಜಾತಿಯೂ ಅದರಲ್ಲಿದೆ. ಮಲೆನಾಡಿನ ಇಂಬಳಕ್ಕೆ ಮಾಡುವಂತೆ ಉಪ್ಪು ಸುಣ್ಣ ಹಚ್ಚಿದರೆ ಉಣ್ಣಿ ಬಿಡುವುದಿಲ್ಲ. ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಬೇಕು. ಸಂಜೆ ಮಕ್ಕಳ ಕುತ್ತಿಗೆ, ಕಂಕುಳು, ಕಿವಿಯ ಹಿಂಭಾಗ ನೋಡುವುದು ಊಟದಷ್ಟೇ ನಿಯಮಿತವಾಗಿರಲಿ.

ನಡಿಗೆಯಲ್ಲಿ ಪಾಯಿಂಟ್ ರೇಯ್ಸ್‌ಗೆ ಸಾಟಿ ಸಿಗುವುದು ಕಷ್ಟ, ಏಕೆಂದರೆ ಇಲ್ಲಿ ಎಲ್ಲ ಅಳತೆಯ ಹಾದಿಗಳಿವೆ. ಬೇರ್ ವ್ಯಾಲಿ ಮಾಹಿತಿ ಕೇಂದ್ರದ ಎದುರಿಗೇ ಭೂಕಂಪದ ಹಾದಿ ಇದೆ, ಅರ್ಧ ಮೈಲಿಗಿಂತ ತುಸು ಹೆಚ್ಚು, ತಳ್ಳುಗಾಡಿಯೂ ಹೋಗುತ್ತದೆ. ಸ್ಯಾನ್ ಆಂಡ್ರಿಯಾಸ್ ಬಿರುಕು ಇಲ್ಲಿಯೇ ಹಾದುಹೋಗುವುದು. 1906ರ ಭೂಕಂಪದಲ್ಲಿ ನೆಲ ಎಷ್ಟು ಜರುಗಿತೆಂದು ತೋರಿಸಲು ಒಂದು ಮರದ ಬೇಲಿಯನ್ನು ಇಟ್ಟಿದ್ದಾರೆ. ನೇರವಾಗಿ ಬರುತ್ತಿದ್ದ ಬೇಲಿ ತಟ್ಟನೆ ನಿಲ್ಲುತ್ತದೆ. ಮುಂದಿನ ಕಂಬ ಕಾಣಲು ಪಕ್ಕಕ್ಕೆ ಹದಿನೈದು ಅಡಿಗೂ ಹೆಚ್ಚು ದೂರ ನೋಡಬೇಕು. ಒಂದು ತುಂಡಿನ ಕೊನೆಯಿಂದ ಇನ್ನೊಂದರ ಶುರುವಿಗೆ ಮಕ್ಕಳು ಹೆಜ್ಜೆ ಹಾಕಿ ಎಣಿಸಲಿ. ಭೂಗೋಳದ ಪಾಠ ಅಷ್ಟರಲ್ಲಿ ಆಗಿರುತ್ತದೆ.

ಇಲ್ಲಿನ ಕಡಲ ದೀಪಸ್ತಂಭ (ಲೈಟ್‌ಹೌಸ್) 1870ರದು. ಬೇರ್ ವ್ಯಾಲಿಯಿಂದ ಕಾರಿನಲ್ಲೇ ಮುಕ್ಕಾಲು ಗಂಟೆ ಆಗುವುದರಿಂದ ಶಿಬಿರಕ್ಕೆ ನಡೆಯುವ ದಿನವೇ ಇದನ್ನೂ ತುರುಕಬೇಡಿ. ವಾರದಲ್ಲಿ ಕೆಲವು ದಿನ ಮಾತ್ರ ತೆರೆದಿರುತ್ತದೆ, ಗಾಳಿ ಜೋರಾದರೆ ಮೆಟ್ಟಿಲು ಮುಚ್ಚುತ್ತಾರೆ. ಆ ಮೆಟ್ಟಿಲುಗಳು ಮುನ್ನೂರಕ್ಕೂ ಹೆಚ್ಚು, ಮೊದಲು ಇಳಿಯುವುದು, ಆಮೇಲೆ ಹತ್ತುವುದು. ಮಂಡಿ ನೋವಿರುವವರು ಮೇಲಿನ ಕಟ್ಟೆಯಲ್ಲೇ ಕುಳಿತರೆ ಜನವರಿಯಿಂದ ಮೇ ಮೊದಲವರೆಗೆ ತಿಮಿಂಗಿಲಗಳ ನೀರಚಿಲುಮೆ ಕಾಣುವ ಸಾಧ್ಯತೆ ಇದೆ. ಬೂದು ತಿಮಿಂಗಿಲಗಳು ಜನವರಿಯಲ್ಲಿ ದಕ್ಷಿಣಕ್ಕೆ, ಮಾರ್ಚ್‌ನಲ್ಲಿ ಉತ್ತರಕ್ಕೆ, ಏಪ್ರಿಲ್ ಕೊನೆಯ ಹೊತ್ತಿಗೆ ತಾಯಿ ಮರಿಗಳು ದಡಕ್ಕೆ ಹತ್ತಿರವಾಗಿ. ಚಳಿಗಾಲದಲ್ಲಿ ಬಂದರೆ ಎಲಿಫೆಂಟ್ ಸೀಲ್‌ಗಳೂ ಉಂಟು. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಗಳು ಮುಚ್ಚಿ ಕಾವಲಿಗೆ ಜನರಿಲ್ಲದ ಹೊತ್ತಿನಲ್ಲಿ ಅವು ಡ್ರೇಕ್ಸ್ ಬೀಚನ್ನು ಆಕ್ರಮಿಸಿಕೊಂಡು ವಾಹನ ನಿಲುಗಡೆಯವರೆಗೂ ಬಂದಿದ್ದವು. ಅಂದಿನಿಂದ ಅದೂ ಅವುಗಳ ಹೆರಿಗೆ ಮನೆಯೇ.

ಟೊಮಾಲೆಸ್ ಪಾಯಿಂಟ್ ಹಾದಿಯಲ್ಲಿ ಟೂಲೆ ಎಲ್ಕ್‌ಗಳಿವೆ. ಒಂದು ಕಾಲಕ್ಕೆ ನಾಮಾವಶೇಷವಾದವೆಂದೇ ತಿಳಿದಿದ್ದ ಈ ಜಿಂಕೆ ಜಾತಿಯ ಹತ್ತು ಪ್ರಾಣಿಗಳನ್ನು 1978ರಲ್ಲಿ ಇಲ್ಲಿಗೆ ತಂದು ಬಿಟ್ಟರು. ತುದಿಯವರೆಗೆ ಹೋಗಿ ಬರಲು ಒಂಬತ್ತು ಮೈಲು ದಾಟುತ್ತದೆ, ಆದರೆ ತುದಿ ಮುಟ್ಟಲೇಬೇಕೆಂಬ ಹಟ ಬೇಡ. ಮೊದಲ ಒಂದೆರಡು ಮೈಲಿನಲ್ಲೇ ಎಡಕ್ಕೆ ಪೆಸಿಫಿಕ್, ಬಲಕ್ಕೆ ಕೊಲ್ಲಿ, ನಡುವೆ ಎಲ್ಕ್ ಹಿಂಡು ಸಿಕ್ಕಿರುತ್ತದೆ. ಅಲಮೇರ್ ಜಲಪಾತದ ಬಗ್ಗೆ ಮಾತ್ರ ಖಂಡಿತವಾಗಿ ಹೇಳುತ್ತೇನೆ: ಚಿತ್ರದಲ್ಲಿ ಅದು ನೇರ ಮರಳಿನ ಮೇಲೆ ಬೀಳುವುದನ್ನು ಕಂಡು ಮಕ್ಕಳನ್ನು ಕರೆದೊಯ್ಯಬೇಡಿ. ಪಾಲೊಮರಿನ್‌ನಿಂದ ಹೋಗಿ ಬರಲು ಹದಿಮೂರು ಮೈಲು, ಜನ ಬಳಸುವ ಅಡ್ಡದಾರಿ ಕುಸಿಯುವ ಬಂಡೆಯ ಮೇಲಿದೆ.

ಇಷ್ಟೆಲ್ಲ ಬೇಕು, ಆದರೆ ಹೊರೆ ಹೊತ್ತು ನಡೆಯಲಾಗದು ಎನ್ನುವವರಿಗೆ ಒಂದು ಉಪಾಯ. ಪಕ್ಕದಲ್ಲೇ ಸ್ಯಾಮ್ಯುಯೆಲ್ ಪಿ. ಟೇಲರ್ ರಾಜ್ಯ ಉದ್ಯಾನ ಇದೆ. ರೆಡ್‌ವುಡ್ ಮರಗಳ ಕೆಳಗೆ ಕಾರು ನಿಲ್ಲಿಸಿ ಟೆಂಟು ಹಾಕಬಹುದು. ರಾತ್ರಿ ಅಲ್ಲಿ, ಹಗಲು ಸೀಶೋರ್‌ನಲ್ಲಿ. ಅಲೆಯ ಸದ್ದು ಕೇಳಿಸಿಕೊಂಡು ಮಲಗುವ ಸುಖ ತಪ್ಪುತ್ತದೆ, ಆದರೆ ಮನೆಯ ಎಲ್ಲರೂ ಬರಬಹುದು.

ರೆಡ್‌ವುಡ್: ಆರು ಗಂಟೆ ಕಾರಿನಲ್ಲಿ, ಆರು ಹೆಜ್ಜೆ ಟೆಂಟಿಗೆ

ಸ್ಯಾನ್ ಫ್ರಾನ್ಸಿಸ್ಕೊದಿಂದ 101ನೇ ಹೆದ್ದಾರಿಯಲ್ಲಿ ಮುನ್ನೂರು ಮೈಲಿಗೂ ಹೆಚ್ಚು. ಆರು ಗಂಟೆ ಎಂದು ನಕ್ಷೆ ಹೇಳುತ್ತದೆ. ಮಕ್ಕಳಿದ್ದರೆ ಎಂಟು ಎಂದುಕೊಳ್ಳಿ. ತಿರುವುಗಳೂ ಇವೆ, ಹಿಂದಿನ ಸೀಟಿನವರಿಗೆ ನಿಂಬೆಹಣ್ಣು ಇರಲಿ. ನಡುದಾರಿಯಲ್ಲಿ ಹಂಬೋಲ್ಟ್‌ನ ‘ಅವೆನ್ಯೂ ಆಫ್ ದಿ ಜಯಂಟ್ಸ್’ ಹಳೆಯ ರಸ್ತೆಗೆ ಹೊರಳಿ ಊಟ ಮುಗಿಸಿದರೆ ಪ್ರಯಾಣ ಎರಡು ಭಾಗವಾಗಿ ಹಗುರಾಗುತ್ತದೆ. ವಾರಾಂತ್ಯದ ಎರಡೇ ದಿನಕ್ಕೆ ಇಲ್ಲಿಗೆ ಹೊರಡುವುದು ದಂಡ, ಮೂರು ರಾತ್ರಿಯಾದರೂ ಬೇಕು.

ಆದರೆ ತಲುಪಿದ ಮೇಲೆ ಇಷ್ಟು ಸಲೀಸಾದ ಜಾಗ ಇನ್ನೊಂದಿಲ್ಲ. ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು 1968ರಲ್ಲಿ, ಹಿಗ್ಗಿದ್ದು 1978ರಲ್ಲಿ, ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 1980ರಲ್ಲಿ. ಅದಕ್ಕೂ ಹಳೆಯದಾದ ಮೂರು ರಾಜ್ಯ ಉದ್ಯಾನಗಳನ್ನು ಅದರೊಡನೆ ಸೇರಿಸಿ ಒಟ್ಟಿಗೆ ನಿರ್ವಹಿಸುತ್ತಾರೆ. ಕಾರಿನಲ್ಲಿ ಹೋಗಿ ತಂಗುವ ನಾಲ್ಕು ಶಿಬಿರಗಳೂ ರಾಜ್ಯ ಉದ್ಯಾನಗಳವು, ಆದ್ದರಿಂದ ಕಾಯ್ದಿರಿಸುವುದು ರಾಜ್ಯದ ‘ರಿಸರ್ವ್ ಕ್ಯಾಲಿಫೋರ್ನಿಯಾ’ ತಾಣದಲ್ಲಿ, ಆರು ತಿಂಗಳು ಮೊದಲು. ಕೇಂದ್ರದ ತಾಣದಲ್ಲಿ ಹುಡುಕಿ ‘ಶಿಬಿರವೇ ಇಲ್ಲ’ ಎಂದು ಕೈಬಿಟ್ಟವರನ್ನು ಕಂಡಿದ್ದೇನೆ. ಮೇಜು, ಬೆಂಕಿ ಗುಂಡಿ, ಕರಡಿಯಿಂದ ಕಾಯುವ ಪೆಟ್ಟಿಗೆ, ಫ್ಲಶ್ ಇರುವ ಶೌಚಾಲಯ, ಸ್ನಾನದ ವ್ಯವಸ್ಥೆ. ಹೆಚ್ಚುವರಿ ಕಂಬಳಿ, ಮಡಚುವ ಕುರ್ಚಿ, ಅಮ್ಮನ ದಿಂಬು, ಏನನ್ನು ಬೇಕಾದರೂ ಡಿಕ್ಕಿಗೆ ತುಂಬಬಹುದು.

ನಾಲ್ಕರಲ್ಲಿ ಯಾವುದು? ಗೋಲ್ಡ್ ಬ್ಲಫ್ಸ್ ಬೀಚ್‌ನಲ್ಲಿ ಇರುವುದು 26 ನಿವೇಶನ, ಮರಳ ದಿಣ್ಣೆಯ ಹಿಂದೆ, ಕಡಲಿನ ಸದ್ದಿನಲ್ಲೇ. ಪಾಯಿಂಟ್ ರೇಯ್ಸ್, ರೆಡ್‌ವುಡ್, ಒಲಿಂಪಿಕ್ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಿದರೂ ಕಾರನ್ನೂ ಕಡಲನ್ನೂ ಇಷ್ಟು ಹತ್ತಿರ ತಂದಿರುವ ಶಿಬಿರ ಇದರಷ್ಟು ನನಗೆ ಹಿಡಿಸಿದ್ದು ಬೇರೆ ಇಲ್ಲ. ತಲುಪಲು ಡೇವಿಸನ್ ರಸ್ತೆ ಎಂಬ ಕಚ್ಚಾ ದಾರಿ, ಟ್ರೇಲರ್‌ಗಳಿಗೆ ನಿಷೇಧ. ಗಾಳಿ ಮಾತ್ರ ಬಿಡದೆ ಬೀಸುತ್ತದೆ. ಟೆಂಟಿನ ಗೂಟ ಮರಳಿನಲ್ಲಿ ನಿಲ್ಲದಿದ್ದರೆ ಉದ್ದದ ಗೂಟ ಬೇಕು. ಎಲ್ಕ್ ಪ್ರೇರಿ ಒಳನಾಡಿನಲ್ಲಿದೆ, 75 ನಿವೇಶನ, ಬೆಳಿಗ್ಗೆ ಎದ್ದರೆ ಹುಲ್ಲುಗಾವಲಿನಲ್ಲಿ ರೂಸ್‌ವೆಲ್ಟ್ ಎಲ್ಕ್‌ಗಳು ಮೇಯುತ್ತಿರುತ್ತವೆ, ಹತ್ತಾರು ಹಾದಿಗಳು ಶಿಬಿರದ ಬಾಗಿಲಿನಿಂದಲೇ ಶುರು. ಹಿರಿಯರಿಗೆ ಇದೇ ಮೇಲು. ಜೆಡಿಡೈಯಾ ಸ್ಮಿತ್ ಶಿಬಿರಕ್ಕೆ ಬೇರೊಂದು ಗುಣವಿದೆ: ಮಂಜಿನಿಂದ ಸ್ವಲ್ಪ ಒಳಗಿರುವುದರಿಂದ ಬಿಸಿಲು ಸಿಗುತ್ತದೆ, ಪಕ್ಕದಲ್ಲೇ ಸ್ಮಿತ್ ನದಿ ಹರಿಯುತ್ತದೆ. ಮುಖ್ಯ ಹರಿವಿಗೆ ಎಲ್ಲೂ ಅಣೆಕಟ್ಟಿಲ್ಲದ ಹಸಿರುನೀಲಿ ನದಿ. ಕಡಲಿನಲ್ಲಿ ಆಡಲಾಗದ ಮಕ್ಕಳು ಇಲ್ಲಿ ಬೇಸಿಗೆಯ ಮಧ್ಯಾಹ್ನ ನೀರಿಗಿಳಿಯಬಹುದು. ಮೂರು ರಾತ್ರಿ ಇದ್ದರೆ ನಾನು ಎರಡು ಗೋಲ್ಡ್ ಬ್ಲಫ್ಸ್‌ನಲ್ಲಿ, ಒಂದು ಇಲ್ಲಿ ಕಳೆಯುತ್ತೇನೆ. ಮಿಲ್ ಕ್ರೀಕ್ ಉಳಿದವು ಸಿಗದಾಗ.

ಹಾದಿಗಳು ಚಿಕ್ಕವು, ನೆರಳಿನವು. ಲೇಡಿ ಬರ್ಡ್ ಜಾನ್ಸನ್ ತೋಪು ಒಂದೂವರೆ ಮೈಲಿನ ಸುತ್ತು, ಬಹುಮಟ್ಟಿಗೆ ಸಮತಟ್ಟು. ಸ್ಟೌಟ್ ತೋಪು ಅರ್ಧ ಮೈಲು. ಫರ್ನ್ ಕಣಿವೆಯಲ್ಲಿ ಎರಡೂ ಕಡೆಯ ಗೋಡೆಗಳ ಮೇಲೆ ಜರೀಗಿಡಗಳು ಇಳಿಬಿದ್ದು, ನಡುವೆ ಹರಿಯುವ ತೊರೆಯಲ್ಲೇ ನಡೆಯಬೇಕು. ಬೇಸಿಗೆಯಲ್ಲಿ ಹಲಗೆ ಹಾಕಿರುತ್ತಾರೆ, ಆದರೂ ಶೂ ನೆನೆಯುತ್ತದೆ. ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಕಾರಿನಲ್ಲಿ ಅಲ್ಲಿಗೆ ಹೋಗಲು ಮುಂಗಡ ಪರವಾನಗಿ ಬೇಕು. ಗೋಲ್ಡ್ ಬ್ಲಫ್ಸ್‌ನಲ್ಲಿ ತಂಗುವವರಿಗೆ ಆ ತಾಪತ್ರಯವಿಲ್ಲ, ಆ ಶಿಬಿರವನ್ನು ಹಿಡಿಯಲು ಇನ್ನೊಂದು ಕಾರಣ. ‘ಜಗತ್ತಿನ ಅತಿ ಎತ್ತರದ ಮರ ತೋರಿಸಿ’ ಎಂದು ಮಕ್ಕಳು ಕೇಳುತ್ತಾರೆ. ಹೈಪೀರಿಯನ್ ಎಂಬ ಆ ಮರ 115 ಮೀಟರ್ ದಾಟುತ್ತದೆ, ಆದರೆ ಜನ ತುಳಿದು ತುಳಿದು ಬುಡ ಹಾಳಾದದ್ದರಿಂದ 2022ರಲ್ಲಿ ಸುತ್ತಲಿನ ಜಾಗವನ್ನು ಮುಚ್ಚಿದ್ದಾರೆ. ಹೋದವರಿಗೆ 5,000 ಡಾಲರ್‌ವರೆಗೆ ದಂಡ, ಜೈಲೂ ಆಗಬಹುದು. ಕೆಳಗೆ ನಿಂತವರಿಗೆ ತುದಿಯಂತೂ ಕಾಣದು, ಪಕ್ಕದ ತೋಪಿನ ಮರಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯದು.

ಮರಗಳನ್ನು ಕಂಡು ಸುಮ್ಮನಾಗಬೇಡಿ, ಬೇಸಿಗೆಯಲ್ಲಿ ಅವು ಬದುಕುವ ಬಗೆಯನ್ನೂ ನೋಡಿ. ಮಳೆಯಿಲ್ಲದ ತಿಂಗಳುಗಳಲ್ಲಿ ಎಲೆಗಳು ಮಂಜನ್ನು ಹಿಡಿದು ಹನಿ ಹನಿಯಾಗಿ ಬುಡಕ್ಕೆ ಇಳಿಸುತ್ತವೆ. ನೀವು ಶಪಿಸಿದ ಮಂಜೇ ಅವುಗಳ ನೀರು. ಹಾಗೆಯೇ ಆಗಸದತ್ತಲೂ ಒಮ್ಮೆ ಕಣ್ಣು ಹಾಯಿಸಿ. ಈ ನೆಲದ ಮೂಲನಿವಾಸಿಗಳಾದ ಯುರೋಕ್ ಜನ ಉದ್ಯಾನದೊಡನೆ ಸೇರಿ 2022ರಲ್ಲಿ ಕ್ಯಾಲಿಫೋರ್ನಿಯಾ ಕಾಂಡೋರ್ ರಣಹದ್ದುಗಳನ್ನು ಇಲ್ಲಿ ಮತ್ತೆ ಹಾರಿಬಿಟ್ಟರು. ನೂರಕ್ಕೂ ಹೆಚ್ಚು ವರ್ಷ ಅವು ಇಲ್ಲಿರಲಿಲ್ಲ.

ಕಡಲ ದಂಡೆಯ ಶಿಬಿರದಲ್ಲಿ ಮಲಗುವ ಮುನ್ನ ಒಂದು ವಿಷಯ ಮನೆಯವರೆಲ್ಲರಿಗೂ ಗೊತ್ತಿರಲಿ. 1964ರ ಅಲಾಸ್ಕಾ ಭೂಕಂಪದ ಸುನಾಮಿ ಪಕ್ಕದ ಕ್ರೆಸೆಂಟ್ ಸಿಟಿಯನ್ನು ನುಗ್ಗು ಮಾಡಿತ್ತು. ನೆಲ ಜೋರಾಗಿ, ಹೆಚ್ಚು ಹೊತ್ತು ನಡುಗಿದರೆ ಸೈರನ್ನಿಗೆ ಕಾಯದೆ ಎತ್ತರಕ್ಕೆ ನಡೆಯಬೇಕು. ಯಾವ ಕಡೆಗೆ ಎಂಬುದನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ.

ಒಲಿಂಪಿಕ್: ಗಡಿಯಾರ ಕಡಲಿನ ಕೈಯಲ್ಲಿ

ಸಿಯಾಟಲ್ ಸುತ್ತಲಿನ ಕನ್ನಡಿಗರಿಗೆ ಇದು ಸ್ವಂತ ಹಿತ್ತಲು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದವರು ವಿಮಾನ ಹತ್ತಿ, ಕಾರು ಬಾಡಿಗೆ ಹಿಡಿದು, ಟೆಂಟನ್ನೂ ಸಾಗಿಸಬೇಕಾಗುತ್ತದೆ. 1938ರಲ್ಲಿ ಉದ್ಯಾನವಾದ ಇಲ್ಲಿ ಹಿಮದ ಶಿಖರ, ಮಳೆಕಾಡು, 73 ಮೈಲು ಕಾಡು ಕರಾವಳಿ ಮೂರೂ ಇವೆ, ಆದರೆ ಅವು ಪಕ್ಕಪಕ್ಕದಲ್ಲಿಲ್ಲ. ಉದ್ಯಾನದ ನಡುವೆ ಹಾದುಹೋಗುವ ರಸ್ತೆಯೇ ಇಲ್ಲ, 101ನೇ ಹೆದ್ದಾರಿಯಲ್ಲಿ ಸುತ್ತು ಹಾಕುತ್ತಲೇ ಇರಬೇಕು. ಮೂರು ದಿನಕ್ಕೆ ಎಲ್ಲವನ್ನೂ ನೋಡಲು ಹೋದರೆ ಕಾರಿನ ಕಿಟಕಿಯನ್ನೇ ಹೆಚ್ಚು ನೋಡಿರುತ್ತೀರಿ. ಪ್ರವೇಶಕ್ಕೆ ವಾಹನಕ್ಕೆ 30 ಡಾಲರ್, ಏಳು ದಿನಕ್ಕೆ. ಮಗು ನಾಲ್ಕನೇ ತರಗತಿಯಲ್ಲಿದ್ದರೆ ಅದರ ಹೆಸರಿನಲ್ಲಿ ಉಚಿತ ಪಾಸ್ ಸಿಗುತ್ತದೆ, ಮರೆಯಬೇಡಿ.

ಕರಾವಳಿಯಲ್ಲಿ ಕಾರಿನ ಪಕ್ಕ ಮಲಗಲು ಕಲೇಲಾಕ್ ಇದೆ, ಕಡಲ ಮೇಲಿನ ದಿಣ್ಣೆಯಲ್ಲಿ. ಮೋರಾ ಇದೆ, ಮರಗಳ ನಡುವೆ, ರಿಯಾಲ್ಟೊ ಬೀಚಿನಿಂದ ಸುಮಾರು ಎರಡು ಮೈಲು ಹಿಂದೆ. ಎರಡರಲ್ಲೂ ಸ್ನಾನದ ಮನೆಯಿಲ್ಲ. ದಿನಾ ಸ್ನಾನ ಮಾಡದೆ ಕಾಫಿ ಮುಟ್ಟದ ಅಪ್ಪನಿಗೆ ಇದನ್ನು ಹೊರಡುವ ಮೊದಲೇ ಹೇಳಬೇಕು. ನಡೆದು ಹೋಗಿ ದಂಡೆಯಲ್ಲೇ ಮಲಗುವ ಆಸೆಯಿದ್ದರೆ ಲಾ ಪುಶ್ ಬಳಿಯ ಸೆಕೆಂಡ್ ಬೀಚ್ ಅತ್ಯಂತ ಸುಲಭ, ಮುಕ್ಕಾಲು ಮೈಲಿಗೂ ಕಡಿಮೆ. ಕಾಡಿನ ಹಾದಿ ಮೆಟ್ಟಿಲಿಳಿದು ಮುಗಿಯುವಲ್ಲಿ ಮರದ ದಿಮ್ಮಿಗಳ ರಾಶಿ ಅಡ್ಡ ಬಿದ್ದಿರುತ್ತದೆ. ಕೆಲವು ದಿಮ್ಮಿಗಳು ಕಾರಿಗಿಂತ ದಪ್ಪ. ಹತ್ತಿ ದಾಟುವಾಗ ಚೀಲವನ್ನು ಮೊದಲು ಆಚೆಗೆ ದಾಟಿಸಿ ಮಕ್ಕಳನ್ನು ಆಮೇಲೆ ಇಳಿಸಿಕೊಳ್ಳಿ. ಅಲೆ ತಾಗುವಷ್ಟು ಹತ್ತಿರವಿರುವ ದಿಮ್ಮಿಯ ಮೇಲೆ ಯಾರನ್ನೂ ಕೂರಿಸಬೇಡಿ. ಅಷ್ಟು ದೊಡ್ಡ ಮರವನ್ನು ಮೊಣಕಾಲುದ್ದ ನೀರು ಎತ್ತಿ ಉರುಳಿಸುತ್ತದೆ, ಕೆಳಗೆ ಸಿಕ್ಕವರು ಉಳಿಯುವುದಿಲ್ಲ.

ಇಲ್ಲಿ ಎಲ್ಲವೂ ಉಬ್ಬರವಿಳಿತದ ಪಟ್ಟಿಯ ಮೇಲೆ ನಿಂತಿದೆ. ಕೆಲವು ಬಂಡೆ ಮೂಲೆಗಳನ್ನು ಇಳಿತದಲ್ಲಿ ಮಾತ್ರ ಸುತ್ತಬಹುದು. ಹೋಗುವಾಗ ಒಣ ಮರಳಾಗಿದ್ದದ್ದು ಬರುವಾಗ ಎದೆಯುದ್ದ ನೀರಾಗಿರುತ್ತದೆ. ಸುತ್ತಲಾಗದ ಮೂಲೆಗಳಿಗೆ ಕಾಡಿನ ಮೇಲಿಂದ ಹಾದಿಯಿದ್ದರೆ ಮರದ ಮೇಲೆ ಕೆಂಪು ಕಪ್ಪು ಬಣ್ಣದ ವೃತ್ತಾಕಾರದ ಫಲಕ ನೇತುಹಾಕಿರುತ್ತಾರೆ. ರಿಯಾಲ್ಟೊದಿಂದ ‘ಹೋಲ್ ಇನ್ ದಿ ವಾಲ್’ ಎಂಬ ತೂತುಬಂಡೆಯವರೆಗೆ ಹೋಗಿ ಬರಲು ಮೂರು ಮೈಲಿಗೆ ತುಸು ಹೆಚ್ಚು, ಆದರೆ ತೂತಿನೊಳಗೆ ಹಾಯಲು ಇಳಿತವೇ ಬೇಕು. ಇಳಿತಕ್ಕಿಂತ ಒಂದು ಗಂಟೆ ಮೊದಲು ಅಲ್ಲಿರುವಂತೆ ಲೆಕ್ಕ ಹಾಕಿದರೆ ನಕ್ಷತ್ರ ಮೀನು, ಹಸಿರು ಕಡಲಹೂಗಳನ್ನು ನೋಡಿ ನಿರಾತಂಕವಾಗಿ ಹಿಂದಿರುಗಬಹುದು. ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳದೆ ಪಟ್ಟಿಯನ್ನು ಕಾಗದದ ಮೇಲೆ ಒಯ್ಯಿರಿ.

ದೊಡ್ಡ ಮಕ್ಕಳಿರುವವರಿಗೆ ಓಜೆಟ್ ತ್ರಿಕೋನ, ಒಟ್ಟು 9.4 ಮೈಲು. ಎರಡು ಬದಿ ಕಾಡಿನ ಹಲಗೆ ಹಾದಿ, ಒಂದು ಬದಿ ಕಡಲು. ಹಲಗೆ ಒದ್ದೆಯಾದರೆ ಪಾಚಿಯ ಮೇಲೆ ಕಾಲಿಟ್ಟಂತೆಯೇ. ಈ ದಂಡೆಯಲ್ಲಿ ಮಕಾಹ್ ಜನರ ಹಳೆಯ ಊರೊಂದು ಶತಮಾನಗಳ ಹಿಂದೆ ಮಣ್ಣು ಕುಸಿದು ಮುಚ್ಚಿಹೋಗಿತ್ತು. 1970ರ ದಶಕದಲ್ಲಿ ಅಗೆದಾಗ ಮರದ ಪೆಟ್ಟಿಗೆ, ಬುಟ್ಟಿ, ಸಾಧನಗಳು ಕೆಡದೆ ಸಿಕ್ಕವು. ಅವನ್ನು ನೀಯಾ ಬೇಯ ಮಕಾಹ್ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಮಳೆ ಹಿಡಿದ ದಿನಕ್ಕೆ ಅದಕ್ಕಿಂತ ಒಳ್ಳೆಯ ಕಾರ್ಯಕ್ರಮವಿಲ್ಲ.

ಮಳೆ ಹಿಡಿಯುತ್ತದೆ, ಅದರಲ್ಲಿ ಅನುಮಾನ ಬೇಡ. ಹೋ ಮಳೆಕಾಡಿನಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಮೀಟರ್ ಮಳೆ. ಆಗುಂಬೆಯವರು ಕೇಳಿದರೆ ನಕ್ಕಾರು, ಅವರಲ್ಲಿ ಬೀಳುವುದರ ಅರ್ಧದಷ್ಟು. ಆದರೆ ಆಗುಂಬೆಯ ಮಳೆ ಬೆಚ್ಚಗಿನದು, ಇದು ಮೂಳೆಗೆ ಇಳಿಯುವಂಥದ್ದು. ಜುಲೈ, ಆಗಸ್ಟ್ ಬಿಟ್ಟು ಬೇರೆ ತಿಂಗಳಲ್ಲಿ ಮಕ್ಕಳೊಡನೆ ಟೆಂಟಿನ ಯೋಚನೆ ಮಾಡಬೇಡಿ. ಚಳಿಗಾಲದ ನೆರೆಗೆ ರಸ್ತೆಗಳೂ ಹೋಗುತ್ತವೆ. 2024ರ ಡಿಸೆಂಬರ್‌ನಲ್ಲಿ ಕೊಚ್ಚಿಹೋದ ಹೋ ರಸ್ತೆ ಮತ್ತೆ ತೆರೆದದ್ದು 2025ರ ಮೇ ತಿಂಗಳಲ್ಲಿ. ಬೇಸಿಗೆಯಲ್ಲಿ ಅದೇ ರಸ್ತೆಯ ಗೇಟಿನಲ್ಲಿ ಕಾರುಗಳ ಸಾಲು ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ.

ಒಗ್ಗರಣೆಯ ವಾಸನೆ

ಊಟವನ್ನೂ ಅದೇ ಅಂತರ ನಿರ್ಧರಿಸುತ್ತದೆ. ರೆಡ್‌ವುಡ್‌ನಲ್ಲಿ ಎರಡು ಬರ್ನರ್ ಒಲೆ ಇಟ್ಟು ಅನ್ನ ಸಾರು ಮಾಡಬಹುದು. ಕುಕ್ಕರ್ ಒಯ್ಯುವವರೂ ಇದ್ದಾರೆ. ಬೆಳಿಗ್ಗೆ ಆರಕ್ಕೆ ಅದು ಮೂರು ಸಲ ಕೂಗಿದರೆ ಸುತ್ತಲಿನ ಟೆಂಟುಗಳಿಂದ ತಲೆಗಳು ಹೊರಬರುತ್ತವೆ, ದಯವಿಟ್ಟು ಬೇಡ. ಕೋಸ್ಟ್ ಕ್ಯಾಂಪ್‌ಗೋ ಸೆಕೆಂಡ್ ಬೀಚ್‌ಗೋ ನಡೆಯುವವರಿಗೆ ಪುಳಿಯೋಗರೆ ಗೊಜ್ಜು, ಹುರಿದ ರವೆಯ ಉಪ್ಪಿಟ್ಟಿನ ಮಿಶ್ರಣ, ಗೊಜ್ಜವಲಕ್ಕಿ, ಚಪಾತಿ ಚಟ್ನಿಪುಡಿ ಸಾಕು. ಬಿಸಿನೀರಿಗಿಂತ ಹೆಚ್ಚಿನದೇನೂ ಒಲೆಯಿಂದ ಬೇಡಬಾರದು.

ಒಲಿಂಪಿಕ್ ದಂಡೆಯಲ್ಲಿ ಮಲಗುವವರು ಬೇರ್ ಕ್ಯಾನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಆಹಾರದ ಡಬ್ಬಿ ಒಯ್ಯುವುದು ಕಡ್ಡಾಯ. ಹೆಸರು ಕರಡಿಯದಾದರೂ ದಂಡೆಯಲ್ಲಿ ಕಾಟ ಕೊಡುವುದು ರಕೂನ್‌ಗಳೇ. ಬಾಡಿಗೆಗೂ ಸಿಗುತ್ತದೆ. ಅದರೊಳಗೆ ಆಹಾರ ಮಾತ್ರವಲ್ಲ, ವಾಸನೆ ಬರುವುದೆಲ್ಲ ಹೋಗಬೇಕು: ಟೂತ್‌ಪೇಸ್ಟ್, ಸಾಬೂನು, ಕೊಬ್ಬರಿ ಎಣ್ಣೆ, ಅಮ್ಮನ ಅಮೃತಾಂಜನ. ನಮ್ಮವರ ಇಂಗಿನ ಡಬ್ಬಿ ಎಷ್ಟು ಬಿಗಿಯಾಗಿ ಮುಚ್ಚಿದರೂ ಸಾಲದು, ಅದಕ್ಕೇ ಅರ್ಧ ಕ್ಯಾನ್ ಬಿಟ್ಟುಕೊಡಬೇಕಾಗುತ್ತದೆ. ಮನೆಯಲ್ಲೇ ಗೊಜ್ಜಿಗೆ ಹಾಕಿ ಮುಗಿಸಿ. ದಂಡೆಗೆ ಬರುವ ತೊರೆಗಳ ನೀರು ಕೊಳೆತ ಎಲೆಯ ರಸದಿಂದ ಕಂದು ಬಣ್ಣದ್ದು, ನೋಡಲು ಅಸಹ್ಯ. ಬಣ್ಣದಿಂದ ತೊಂದರೆಯಿಲ್ಲ, ಆದರೆ ಸೋಸಿಯೋ ಕುದಿಸಿಯೋ ಕುಡಿಯಬೇಕು.

ಲಾಸ್ ಏಂಜಲೀಸ್ ಕಡೆಯವರು ಈ ಮೂರನ್ನೂ ದೂರವೆಂದು ತಳ್ಳಿಹಾಕುವುದಾದರೆ ಚಾನಲ್ ಐಲೆಂಡ್ಸ್ ರಾಷ್ಟ್ರೀಯ ಉದ್ಯಾನ ನೋಡಿ. ವೆಂಚುರಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ, ಸಾಂಟಾ ಕ್ರೂಜ್ ದ್ವೀಪದ ಸ್ಕಾರ್ಪಿಯನ್ ಧಕ್ಕೆಯಿಂದ ಶಿಬಿರಕ್ಕೆ ಅರ್ಧ ಮೈಲು, ಸಮತಟ್ಟು, ಕುಡಿಯುವ ನೀರಿದೆ. ದ್ವೀಪದಲ್ಲಿ ಅಂಗಡಿಯಿಲ್ಲ, ಸೌದೆಗೂ ಇದ್ದಿಲಿಗೂ ಅನುಮತಿಯಿಲ್ಲ, ಮರೆತ ಬೆಂಕಿಪೊಟ್ಟಣಕ್ಕೆ ಹಿಂದಿರುಗಲಾಗದು. ದೋಣಿಯ ಚೀಟಿ ಮೊದಲು ಹಿಡಿದು ಆಮೇಲೆ ಶಿಬಿರದ ಸ್ಥಳ ಕಾಯ್ದಿರಿಸಿ, ಎರಡೂ ಒಂದೇ ದಿನಕ್ಕೆ ಸಿಗುತ್ತವೆಯೇ ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ಮಕ್ಕಳಿಗೆ ಹೇಳಿ. ದೋಣಿಯಲ್ಲಿ ಹೊಟ್ಟೆ ತೊಳಸುವವರಿಗೆ ಮಾತ್ರೆ ಹತ್ತುವುದಕ್ಕೆ ಮೊದಲೇ ಕೊಡಬೇಕು, ಹತ್ತಿದ ಮೇಲೆ ಕೊಟ್ಟು ಪ್ರಯೋಜನವಿಲ್ಲ.